ಹಲ್ಲಿಯ ಹಾಸಿಗೆಗೆ ನಾಲ್ಕು ಸಹಿ

ಹಲ್ಲಿಯೊಂದು ಸಾಸಿವೆ ಕಾಳಿನಷ್ಟು ಕಲ್ಲು ನುಂಗಿತು. ಶಿವಲಿಂಗಂನ ಗ್ರಹಚಾರ ಕೆಟ್ಟದ್ದು ಅಲ್ಲಿಂದ.

ನಮ್ಮ ನಿಮ್ಮ ಮನೆಯ ಗೋಡೆ ಮೇಲೆ ಲೊಚಗುಟ್ಟುವ ಹಲ್ಲಿ ಕಲ್ಲಲ್ಲ, ಬೀಗದ ಕೈಯನ್ನೇ ನುಂಗಿದರೂ ಕೇಳುವವರಿಲ್ಲ. ಇದು ಆ ಜಾತಿಯದಲ್ಲ. ಕ್ರೆಸ್ಟೆಡ್ ಗೆಕೋ ಎಂದು ಹೆಸರು. ಇಟ್ಟಿಗೆ ಬಣ್ಣ, ಕಣ್ಣಿನ ಮೇಲೆ ರೆಪ್ಪೆಗೂದಲಿನ ಹಾಗೆ ಮೆತ್ತನೆಯ ಮುಳ್ಳಿನ ಸಾಲು, ಊಟಕ್ಕೆ ಹಣ್ಣಿನ ಗೊಜ್ಜು. ಒಂದಲ್ಲ, ಜೋಡಿ. ರಸೀದಿ, ನೋಂದಣಿ ಎಲ್ಲ ಅಚ್ಚುಕಟ್ಟು. ಶಿವಲಿಂಗಂ ಹುಟ್ಟಿ ಬೆಳೆದ ಮನೆಗೇ ಅಷ್ಟು ಕ್ರಮವಾದ ಕಾಗದಪತ್ರ ಇರಲಿಲ್ಲ.

ಇವನ್ನು ಕೊಯಮತ್ತೂರಿನ ಅಂಗಡಿಯಿಂದ ತಂದವಳು ಸರಣ್ಯಾ. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ನಡೆಸುವ ದೇವರಾಜನ್‌ನ ಒಬ್ಬಳೇ ಮಗಳು, ಕಾಲೇಜು ಓದುವವಳು. ಕುನ್ನತ್ತೂರಿನ ಕಡೆಯಿಂದ ಹೊಲ ಬಿಟ್ಟು ಹೊಲಿಗೆಗೆ ಬಂದ ಮನೆ ಅದು. ಗೋಡೆಯ ಮೇಲೆ ಹನ್ನೆರಡು ಹಲ್ಲಿ ಬಿಟ್ಟಿಯಾಗಿ ಓಡಾಡುತ್ತಿರುವಾಗ ದುಡ್ಡು ಕೊಟ್ಟು ಇನ್ನೆರಡು ತಂದರೆ ತಾನು ತವರಿಗೆ ಹೋಗುತ್ತೇನೆಂದು ಎಂಬತ್ತು ದಾಟಿದ ಅಜ್ಜಿ ಹಟ ಹಿಡಿದಳು. ಹಾಗಾಗಿ ಹಲ್ಲಿಗಳ ಗಾಜಿನ ಪೆಟ್ಟಿಗೆ ಕಂಪನಿಯ ಆಫೀಸ್ ರೂಮಿಗೆ ಬಂತು. ಅಂಗಡಿಯವನು ಅಂದಕ್ಕೆಂದು ತಳದಲ್ಲಿ ಬಣ್ಣದ ಕಲ್ಲು ಹಾಸಿ ಕೊಟ್ಟಿದ್ದ. ಅದರಲ್ಲೊಂದನ್ನು ದೊಡ್ಡ ಹಲ್ಲಿ ಗೊಜ್ಜಿನ ಜೊತೆ ನುಂಗಿತು. ಮೂರು ದಿನ ಉಪವಾಸ ಬಿದ್ದು, ಡಾಕ್ಟರ ಕೈಯಲ್ಲಿ ಹೇಗೋ ಉಳಿದುಕೊಂಡಿತು. ಮಗಳು ಅತ್ತಳು. ಮಗಳು ಅತ್ತರೆ ದೇವರಾಜನ್‌ಗೆ ಕೈಕಾಲು ಆಡುವುದಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಅವನು ಸ್ಟೋರ್‌ಕೀಪರ್ ಶಿವಲಿಂಗಂನನ್ನು ಕರೆಸಿದ.

“ಶಿವಲಿಂಗಂ, ನಮ್ಮ ಸ್ಟೋರಲ್ಲಿ ಏನಿಲ್ಲ ಹೇಳು? ಗುಂಡಿ ಅದೆ, ಎಲಾಸ್ಟಿಕ್ ಅದೆ, ರಟ್ಟಿನ ಪೆಟ್ಟಿಗೆ ಅದೆ. ಈ ಪಲ್ಲಿ ಅಡಿಗೆ ಹಾಸಕ್ಕೆ ಒಂದು ಸಾಮಾನು ಸಿಗಲ್ವಾ?”

“ಎಂಥ ಸಾಮಾನು ಮುದಲಾಳಿ?” ಮಾಲೀಕನನ್ನು ಅಲ್ಲಿ ಎಲ್ಲರೂ ಕರೆಯುವುದು ಹಾಗೆ.

“ಅದು ಗೊತ್ತಿದ್ರೆ ನಿನ್ನ ಯಾಕ್ ಕರೀತಿದ್ದೆ? ನುಂಗಕ್ಕಾಗ್ಬಾರ್ದು, ಚುಚ್ಚಬಾರ್ದು, ವಿಷ ಇರಬಾರ್ದು. ಡಾಕ್ಟ್ರು ಹೇಳಿದ್ದು ಅಂತ ಮಗು ಹೇಳ್ತು. ನಾಲ್ಕು ಗಂಟೆಗೆ ಕಾಲೇಜಿಂದ ಬರ್ತದೆ. ಅಷ್ಟೊತ್ತಿಗೆ ಆಗ್ಬೇಕು.”

ಶಿವಲಿಂಗಂ ಹೋಗಲಿಲ್ಲ. ಬಾಗಿಲ ಹತ್ತಿರ ಕಾಲು ಬದಲಾಯಿಸುತ್ತ ನಿಂತ.

“ಇನ್ನೇನಪ್ಪಾ?”

“ಅನ್ನೂರು ಲಿಸ್ಟು...”

“ಮೊದ್ಲು ಇದು. ಸಾಯಂಕಾಲ ಅದಕ್ಕೂ ಸೈನ್ ಹಾಕ್ತೀನಿ. ನಿನ್ನ ಹೆಸರು ಮೇಲೇನೇ ಅದೆ, ಹೋಗು.”

ಆ ಲಿಸ್ಟಿನ ವಿಷಯ ಹೇಳಿಬಿಡಬೇಕು. ದೇವರಾಜನ್ ಅನ್ನೂರಿನಲ್ಲಿ ಹೊಸದಾಗಿ ಸಣ್ಣ ಹೊಲಿಗೆ ಶೆಡ್ಡು ಕಟ್ಟಿಸಿದ್ದ. ಅಲ್ಲಿಗೆ ಹೋಗುವವರ ಹೆಸರು ಇವತ್ತು ಪಕ್ಕಾ ಆಗಬೇಕು. ಶಿವಲಿಂಗಂನ ಮನೆ ಇರುವುದು ಅನ್ನೂರಿನ ನೇಕಾರರ ಬೀದಿಯಲ್ಲಿ, ಹೊಸ ಶೆಡ್ಡಿಗೆ ಹತ್ತು ನಿಮಿಷದ ನಡಿಗೆ. ಹತ್ತೊಂಬತ್ತು ವರ್ಷದಿಂದ ಅವನು ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆ ಬಿಟ್ಟು, ಅವಿನಾಶಿಯಲ್ಲಿ ಬಸ್ಸು ಬದಲಾಯಿಸಿ ತಿರುಪ್ಪೂರಿಗೆ ಬರುತ್ತಿದ್ದ. ವಾಪಸು ಮುಟ್ಟುವ ಹೊತ್ತಿಗೆ ಬೀದಿಯ ನಾಯಿಗಳೂ ಮಲಗಿರುತ್ತಿದ್ದವು. ಭಾನುವಾರ ಒಂದು ರಜೆ, ಅದೂ ನಿದ್ದೆಗೇ ಸರಿ. ತಡವಾಗಿ ಹುಟ್ಟಿದ ಮಗಳು ಇಂದುಜಾಳಿಗೆ ಈಗ ಐದು ವರ್ಷ. ಮೊನ್ನೆ ಸ್ಕೂಲಲ್ಲಿ ಟೀಚರು, “ನಿಮ್ಮಪ್ಪ ಏನ್ ಕೆಲಸ ಮಾಡ್ತಾರೆ?” ಎಂದು ಕೇಳಿದರಂತೆ. “ಮಲಗ್ತಾರೆ” ಅಂದಳಂತೆ ಮಗಳು. ಹೆಂಡತಿ ಚಂದ್ರಾ ನಗುತ್ತ ಹೇಳಿದ ಈ ಮಾತು ಶಿವಲಿಂಗಂನ ಎದೆಯಲ್ಲಿ ಹಾಗೇ ಕೂತುಬಿಟ್ಟಿತ್ತು. ಅನ್ನೂರು ಸಿಕ್ಕರೆ ಸಾಯಂಕಾಲ ಆರಕ್ಕೆ ಮನೆ. ಅವನಿಗೆ ಬೇಕಾದದ್ದು ಇಷ್ಟೇ.

ಇನ್ನು ಆ ಕಂಪನಿಯ ಕಟ್ಟಳೆ. ಒಂದು ಸಲ ತಪ್ಪು ಎಲಾಸ್ಟಿಕ್ ಹಾಕಿ ಕಳಿಸಿದ ನಾಲ್ಕು ಸಾವಿರ ಮಕ್ಕಳ ಚಡ್ಡಿ ಹಡಗಿನಲ್ಲಿ ವಾಪಸು ಬಂದಿತ್ತು. ಅವತ್ತಿನಿಂದ ಯಾವ ಹೊಸ ಸಾಮಾನು ಬರಬೇಕಾದರೂ ಅದರ ಒಂದು ತುಣುಕನ್ನು ಕಾಗದಕ್ಕೆ ಅಂಟಿಸಿ ನಾಲ್ಕು ಜನರ ಸಹಿ ಹಾಕಿಸಬೇಕು: ಕಟಿಂಗ್ ಮಾಸ್ಟರು, ಚೆಕಿಂಗಿನ ಮೇಲಿನವರು, ಗಾಡಿಯ ಡ್ರೈವರು, ಸ್ಟೋರಿನವನು. ಕೊನೆಗೆ ಮುದಲಾಳಿ. ಇದಕ್ಕೆ ಅಪ್ರೂವಲ್ ಶೀಟು ಎಂದು ಹೆಸರು. ಈ ಶೀಟಿಲ್ಲದೆ ಆ ಗೇಟಿನೊಳಗೆ ಒಂದು ಪೊರಕೆಯೂ ಬಂದದ್ದಿಲ್ಲ.

ಬೇರೆ ಯಾರಾದರೂ ಆಗಿದ್ದರೆ ನೇರ ಆ ಡಾಕ್ಟರಿಗೆ ಫೋನು ಮಾಡಿ ಕೇಳಿ ಮುಗಿಸುತ್ತಿದ್ದರು. ಹತ್ತೊಂಬತ್ತು ವರ್ಷ ಶೀಟು ಬರೆದ ಕೈಗೆ ಹಾಗೆಲ್ಲ ತೋಚುತ್ತದೆಯೇ? ಶಿವಲಿಂಗಂ ಬಿಳಿ ಹಾಳೆ ತೆಗೆದು ಅಡಿಗೋಲಿನಿಂದ ಗೆರೆ ಹಾಕಿ, ಮುದ್ದಾದ ತಮಿಳಿನಲ್ಲಿ ಬರೆದ. ಸಾಮಾನು: ಪಲ್ಲಿಯ ಅಡಿಹಾಸು. ಸಂಖ್ಯೆ: ಎರಡು ಪಲ್ಲಿಗೆ. ಗಿರಾಕಿ: ಸರಣ್ಯಾ. ಗಡುವು: ನಾಲ್ಕು ಗಂಟೆ.

ಮೊದಲು ಸಿಕ್ಕಿದ್ದು ಕಟಿಂಗ್ ಮಾಸ್ಟರ್ ಕರುಪ್ಪುಸಾಮಿ. ಹೊಟ್ಟೆ ದೊಡ್ಡದು, ಗಂಟಲು ಇನ್ನೂ ದೊಡ್ಡದು. ಹಾಳೆ ನೋಡಿ ಅವನು ಕತ್ತರಿ ಕೆಳಗಿಟ್ಟ.

“ಇದಕ್ಕೆ ಇಷ್ಟು ಯೋಚನೆನಾ? ಬನಿಯನ್ ವೇಸ್ಟ್ ಹಾಕು ಮಾವಾ! ತಿರುಪ್ಪೂರಲ್ಲಿ ಹುಟ್ಟೋ ಕೂಸೇ ಮೊದ್ಲು ವೇಸ್ಟ್ ಬಟ್ಟೆ ಮೇಲೆ ಮಲಗ್ತದೆ. ಮಿಷಿನ್ ಒರಸಕ್ಕೂ ಅದೇ, ದಿಂಬಿಗೂ ಅದೇ. ಪಲ್ಲಿ ಏನ್ ಮೇಲಿಂದ ಇಳಿದು ಬಂತಾ?”

ಶಿವಲಿಂಗಂಗೂ ಸರಿಯೆನಿಸಿತು. ಬಣ್ಣ ಹಾಕದ ಬಟ್ಟೆಯ ಚೂರುಗಳನ್ನು ಆರಿಸಿದ. ಕೆಲಸ ಎಂದರೆ ಕೆಲಸ. ಒದ್ದೆ ಬೆರಳಿನಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿದ. ಒಂದು ಎಳೆ ಸುಟ್ಟು ಬೂದಿ ಮೂಸಿ ಪೂರ್ತಿ ಹತ್ತಿಯೇ ಎಂದು ಖಾತ್ರಿ ಮಾಡಿಕೊಂಡ. ಒಂದು ಚೂರನ್ನು ಶೀಟಿಗೆ ಅಂಟಿಸಿದ. ಪೆಟ್ಟಿಗೆಯ ಕಲ್ಲು ತೆಗೆದು ತೊಳೆದು, ಮೆತ್ತನೆ ವೇಸ್ಟ್ ಹರಡಿದ. ಹಗಲು ಹೊತ್ತು ಎಲೆಯ ಮರೆಯಲ್ಲಿ ನಿದ್ದೆ ಮಾಡುತ್ತಿದ್ದ ಹಲ್ಲಿಗಳು ಗಲಾಟೆಗೆ ಎದ್ದು ಕೆಳಗಿಳಿದವು.

ಕಾಲು ಗಂಟೆಯಾಗಲಿಲ್ಲ. ಕತ್ತರಿಸಿದ ಬನಿಯನ್ ಬಟ್ಟೆಯ ಅಂಚು ಸುರುಳಿ ಸುತ್ತಿ ಎಳೆ ಬಿಡುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ಆ ಹೊತ್ತಿಗೆ ಮಾತ್ರ ಯಾರಿಗೂ ನೆನಪಾಗಲಿಲ್ಲ. ದೊಡ್ಡ ಹಲ್ಲಿಯ ಮುಂಗಾಲಿನ ಐದೂ ಬೆರಳಿಗೆ ನೂಲು ಸುತ್ತಿಕೊಂಡು, ಅದು ಎಳೆದಷ್ಟೂ ಬಿಗಿಯಾಗಿ, ಬೆರಳು ಕೆಂಪಾಗತೊಡಗಿತ್ತು.

“ಅಯ್ಯಯ್ಯೋ, ಜಾನಕಿಯಕ್ಕಾ!” ಎಂದು ಶಿವಲಿಂಗಂ ಕೂಗಿಕೊಂಡ.

ಜಾನಕಿಯಮ್ಮ ಚೆಕಿಂಗ್ ಮೇಜಿನ ಒಡತಿ. ಮೂವತ್ತು ವರ್ಷದಿಂದ ಬಟ್ಟೆಯಲ್ಲಿ ಉಳಿದ ನೂಲು ಕತ್ತರಿಸುವುದೇ ಕಸುಬು. ಕನ್ನಡಕ ಏರಿಸಿ, ಸಣ್ಣ ಕತ್ತರಿ ಹಿಡಿದು ಬಂದಳು.

“ಹಿಡ್ಕೊ ಶಿವಲಿಂಗಾ. ಬಾಲ ಮಾತ್ರ ಮುಟ್ಬೇಡ. ನಮ್ಮ ಮನೆ ಪಲ್ಲಿ ಥರಾ ಅಲ್ಲ, ಇದಕ್ಕೆ ಬಾಲ ಒಂದ್ಸಲ ಬಿದ್ರೆ ಮತ್ತೆ ಬರಲ್ವಂತೆ. ಆ ಮಗು ಹೇಳ್ತಿತ್ತು.”

ಬಾಲ ಬಿದ್ದರೆ ಅನ್ನೂರೂ ಬಿದ್ದಹಾಗೆ. ಶಿವಲಿಂಗಂ ಉಸಿರು ಬಿಗಿಹಿಡಿದು ಅಂಗೈ ಕೊಟ್ಟ. ಹಲ್ಲಿ ತನ್ನ ಪಾಡಿಗೆ ನಾಲಿಗೆ ಚಾಚಿ ತನ್ನದೇ ಕಣ್ಣು ನೆಕ್ಕಿಕೊಂಡಿತು. ಒಂದೊಂದೇ ಎಳೆ ಕತ್ತರಿಸಿ ಜಾನಕಿಯಮ್ಮ ಐದು ಬೆರಳನ್ನೂ ಬಿಡಿಸಿದಳು. ಎಲ್ಲರೂ ಉಸಿರು ಬಿಟ್ಟರು. ಮುಚ್ಚಲು ಮರೆತಿದ್ದ ಪೆಟ್ಟಿಗೆಯಿಂದ ಎರಡನೆಯ ಹಲ್ಲಿ ಆಗ ಎಗರಿ ಶಿವಲಿಂಗಂನ ನೆತ್ತಿಯ ಮೇಲೆ ಕೂತಿತು.

“ತಲೆ ಮೇಲೆ!” ಜಾನಕಿಯಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

ಚೆಕಿಂಗ್ ಮೇಜಿನ ಹೆಂಗಸರೆಲ್ಲ ಕೆಲಸ ಬಿಟ್ಟು ಗೋಡೆಗೆ ಹೋದರು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ರಟ್ಟಿನ ಹಿಂದೆ ಹಲ್ಲಿ ಬಿದ್ದ ಫಲದ ಪಟ್ಟಿ ಅಚ್ಚಾಗಿತ್ತು. ಒಬ್ಬಳು ಬೆರಳಿಟ್ಟು ಓದಿದಳು: “ತಲೆ. ಕಲಹ.”

“ಹೋಗಪ್ಪಾ, ಮೊದ್ಲು ತಲೆಗೆ ನೀರ್ ಹಾಕ್ಕೊ. ಹಾಗೇ ಬಂದು ನಮ್ಮ ಮೇಜು ಮುಟ್ಬೇಡ,” ಎಂದಳು ಜಾನಕಿಯಮ್ಮ.

“ಇದು ಫಾರಿನ್ ಪಲ್ಲಿ ಅಕ್ಕಾ. ನಮ್ಮ ಕ್ಯಾಲೆಂಡರ್ ಇದಕ್ಕೆ ಆಗ್ತದಾ?”

“ಪಲ್ಲಿ ಫಾರಿನ್ನು. ತಲೆ ಫಾರಿನ್ನಾ?”

ಹಲ್ಲಿಯನ್ನು ನೆತ್ತಿಯಿಂದ ಇಳಿಸಿ ಪೆಟ್ಟಿಗೆಗೆ ಬಿಟ್ಟು, ಹಿತ್ತಲಿನ ನಲ್ಲಿಯ ಕೆಳಗೆ ಶಿವಲಿಂಗಂ ಉಟ್ಟ ಬಟ್ಟೆಯಲ್ಲೇ ಕೂತ. ಬದಲಿ ಬಟ್ಟೆ ಇಲ್ಲ. ರಿಜೆಕ್ಟ್ ಮೂಟೆಯಿಂದ ಯಾರೋ ಒಂದು ಟೀ ಶರ್ಟು ಎಳೆದು ಕೊಟ್ಟರು. ಒಂದು ತೋಳು ಮೊಣಕೈವರೆಗೆ, ಇನ್ನೊಂದು ಬೆರಳ ತುದಿ ದಾಟಿ. ಅದನ್ನೇ ತೊಟ್ಟು, ಒದ್ದೆ ಪ್ಯಾಂಟಿನಲ್ಲಿ ಅವನು ಮತ್ತೆ ಶೀಟು ಹಿಡಿದು ಹೊರಟ. ಗಂಟೆ ಹನ್ನೊಂದೂವರೆ. ಬನಿಯನ್ ವೇಸ್ಟಿನ ಮುಂದೆ ಇಂಟು ಗುರುತು ಬಿತ್ತು. ಕರುಪ್ಪುಸಾಮಿಯ ಮುಖ ದಪ್ಪಗಾಯಿತು.

“ನನ್ನ ಬಟ್ಟೆಗೆ ಇಂಟಾ? ಹಾಗಿದ್ರೆ ಬೇರೆ ಯಾವುದಕ್ಕೂ ನಾನು ಸೈನ್ ಹಾಕಲ್ಲ ಮಾವಾ. ನೋಡ್ಕೋ.”

ಗಾಡಿಯ ಡ್ರೈವರ್ ಮುರುಗೇಶನ್ ಧಾರಾಪುರಂ ಕಡೆಯವನು. ತನ್ನೂರಿನ ನೀರು, ತನ್ನೂರಿನ ಅಕ್ಕಿ, ತನ್ನೂರಿನ ಮರಳು ಬಿಟ್ಟು ಲೋಕದಲ್ಲಿ ಬೇರೇನೂ ಇಲ್ಲವೆಂದು ನಂಬಿದ ಮನುಷ್ಯ. ಕಾಂಪೌಂಡ್ ಕಟ್ಟಿದಾಗ ಮಿಕ್ಕ ಮರಳಿನ ಗುಡ್ಡೆ ಗೇಟಿನ ಪಕ್ಕದಲ್ಲೇ ಬಿದ್ದಿತ್ತು. ಒಂದು ಬಾಂಡಲಿ ತುಂಬಿ ತಂದೇಬಿಟ್ಟ.

“ಅಮರಾವತಿ ಮಣಲು ಶಿವಲಿಂಗಂ! ಸಕ್ಕರೆ ಅದು, ಸಕ್ಕರೆ. ಕೈಯಲ್ಲಿ ಹಿಡಿದು ನೋಡು.”

“ಅಣ್ಣಾ, ಕಲ್ಲು ನುಂಗೇ ಇದಕ್ಕೆ ಈ ಗತಿ ಬಂದಿರೋದು. ಮಣಲು ನುಂಗಲ್ವಾ?”

“ನಾನು ಚಿಕ್ಕಂದಿನಿಂದ ಈ ಮಣಲ ಮೇಲೆ ಮಲಗಿ ಎದ್ದವನು. ಒಂದಿನಾದ್ರೂ ನುಂಗಿದೀನಾ?”

ಶಿವಲಿಂಗಂ ಹಣ್ಣಿನ ಗೊಜ್ಜನ್ನು ಒಂದು ಚಮಚ ತೆಗೆದು ಮರಳಿನ ಮೇಲೆ ಬೀಳಿಸಿ, ಬೆರಳಲ್ಲಿ ಎತ್ತಿ ತೋರಿಸಿದ. ಗೊಜ್ಜಿಗಿಂತ ಮರಳೇ ಹೆಚ್ಚಿತ್ತು. ಇಂಟು ಗುರುತು ಹಾಕಿದ. ಮುರುಗೇಶನ್ ಬಾಂಡಲಿ ಎತ್ತಿಕೊಂಡು, “ನಮ್ಮೂರಿಗೆ ಇಂಟು ಹಾಕಿದ ಕೈಗೆ ನನ್ನ ಸೈನ್ ಬೇಕಾ? ಸಿಕ್ಕಾಗ ತಗೋ,” ಎಂದು ಹೋದ.

ಇಬ್ಬರು ಕೈಬಿಟ್ಟ ಮೇಲೆ ಊಟದ ಬಿಡುವಿನಲ್ಲಿ ಜಾನಕಿಯಮ್ಮ ಕೈಹಿಡಿದಳು. ಹತ್ತಿರದಲ್ಲೇ ಅವಳ ಮನೆ, ಮಾಳಿಗೆಯಲ್ಲಿ ಗಿಡದ ಕುಂಡಗಳು. ಒಂದು ಚೀಲ ತೆಂಗಿನ ನಾರಿನ ಪುಡಿ ತಂದಳು. ತಂಪು, ಮೆತ್ತಗೆ, ಒಳ್ಳೆ ಮಣ್ಣಿನ ವಾಸನೆ. ಶಿವಲಿಂಗಂಗೆ ಮೊದಲ ಸಲ ಎದೆ ಹಗುರಾಯಿತು. ಪೆಟ್ಟಿಗೆಯಲ್ಲಿ ಹರಡಿ ಹಲ್ಲಿಗಳನ್ನು ಬಿಟ್ಟ. ಚಿಕ್ಕ ಹಲ್ಲಿ ಅದರ ಮೇಲೆ ಹೊಟ್ಟೆ ಊರಿ ಆರಾಮಾಗಿ ಕೂತಿತು.

ಹತ್ತು ನಿಮಿಷದಲ್ಲಿ ಪುಡಿಯೊಳಗಿಂದ ಕೆಂಪಿರುವೆಗಳ ಸಾಲು ಹೊರಟಿತು.

“ಇದ್ರಲ್ಲಿ ಏನ್ ಸೇರ್ಸಿದೀರಾ ಅಕ್ಕಾ?”

“ಏನಿಲ್ಲಪ್ಪಾ. ಮಲ್ಲಿಗೆ ಗಿಡಕ್ಕೆ ಅಂತ ಬೇವಿನ ಹಿಂಡಿ, ಕಡಲೆ ಹಿಂಡಿ, ಸ್ವಲ್ಪ ಯೂರಿಯಾ. ತಡಿ, ಇರುವೆಗೆ ಅರಿಶಿನದ ನೀರು ಚಿಮುಕಿಸಿದ್ರೆ ಹೋಗ್ತದೆ.”

ಯೂರಿಯಾ ಎಂದ ಕೂಡಲೇ ಶಿವಲಿಂಗಂ ಹಲ್ಲಿಗಳನ್ನು ಎತ್ತಲು ಕೈ ಹಾಕಿದ. ಅವನ ಕೈ ಮುಟ್ಟುವುದಕ್ಕೂ ಜಾನಕಿಯಮ್ಮ ಆಗಲೇ ಅರಿಶಿನ ಕಲಸಿ ಹಿಡಿದಿದ್ದ ಚೊಂಬು ಬಗ್ಗಿಸುವುದಕ್ಕೂ ಒಂದೇ ಆಯಿತು. ಇರುವೆ ಹೋಗಲಿಲ್ಲ. ಚಿಕ್ಕ ಹಲ್ಲಿ ಮಾತ್ರ ಮದುವೆಗೆ ಮುಂಚೆ ಅರಿಶಿನ ಹಚ್ಚಿ ಕೂರಿಸಿದ ಹೆಣ್ಣಿನ ಹಾಗೆ ಹಳದಿಯಾಯಿತು.

ಕರುಪ್ಪುಸಾಮಿ ಬಿದ್ದು ಬಿದ್ದು ನಕ್ಕ. ಜಾನಕಿಯಮ್ಮನಿಗೆ ರೇಗಿತು. “ನಿನ್ನ ವೇಸ್ಟಿಗೆ ಪಲ್ಲಿ ಕಾಲೇ ಹೋಗ್ತಿತ್ತಲ್ಲೋ!” ಎಂದಳು. “ಯೂರಿಯಾ ಹಾಕಿ ಪಲ್ಲಿ ಬೆಳೆಸೋರು ನೀವೊಬ್ರೇ,” ಎಂದ ಅವನು. ಮುರುಗೇಶನ್ ಬಾಗಿಲಿಂದ, “ಮಣಲಾಗಿದ್ರೆ ಇರುವೆ ಬರ್ತಿತ್ತಾ?” ಎಂದು ಸೇರಿಕೊಂಡ. ಮೂರು ಗಂಟಲು ಸೇರಿದ ಮೇಲೆ ಕೇಳಬೇಕೆ? ಎರಡು ವರ್ಷದ ಹಿಂದಿನ ದೀಪಾವಳಿ ಮಿಠಾಯಿಯ ಜಗಳವೂ ಎದ್ದು ಬಂತು. ಕಟಿಂಗ್ ನಿಂತಿತು, ಚೆಕಿಂಗ್ ನಿಂತಿತು, ಮಿಷಿನ್ನಿನವರು ಎದ್ದು ನೋಡಲು ಬಂದರು. ಜಗಳದ ನಡುವೆಯೇ ಜಾನಕಿಯಮ್ಮ ಗೋಡೆಯ ಕಡೆ ಕೈ ತೋರಿಸಿದಳು.

“ನೋಡಿದ್ರಾ? ತಲೆ, ಕಲಹ! ಕ್ಯಾಲೆಂಡರ್ ಸುಳ್ಳು ಹೇಳ್ತದಾ?”

ಶಿವಲಿಂಗಂ ಹಲ್ಲಿಗಳನ್ನು ಒಂದು ಗುಂಡಿ ಡಬ್ಬಿಗೆ ಹಾಕಿಕೊಂಡು ಸ್ಟೋರಿಗೆ ಹೋಗಿ ಬಾಗಿಲು ಹಾಕಿಕೊಂಡ. ಎರಡೂವರೆ ಗಂಟೆ. ಶೀಟಿನಲ್ಲಿ ಮೂರು ಇಂಟು, ಸಹಿ ಒಂದೂ ಇಲ್ಲ. ಮೈಯೆಲ್ಲ ಚಳಿ. ಅಷ್ಟರಲ್ಲಿ ಚಂದ್ರಾಳ ಫೋನು.

“ಏನಾಯ್ತು ಲಿಸ್ಟು?”

“ಇನ್ನೂ ಪಲ್ಲಿ ಮುಗಿದಿಲ್ಲ.”

“ಏನು?”

“ಏನಿಲ್ಲ. ಆಮೇಲೆ ಮಾಡ್ತೀನಿ.”

ಫೋನಿಟ್ಟು ಅವನು ಅಳುವುದೊಂದು ಬಾಕಿ. ಹತ್ತೊಂಬತ್ತು ವರ್ಷ ಯಾರ ಮಾತಿಗೂ ಎದುರಾಡಲಿಲ್ಲ, ಒಂದು ಗುಂಡಿ ಕಮ್ಮಿ ಬರಲಿಲ್ಲ. ಕೊನೆಗೆ ತನ್ನ ಸಂಸಾರ ಎರಡು ಹಲ್ಲಿಗಳ ಕಾಲ ಕೆಳಗೆ ಬಂದು ಕೂತಿತಲ್ಲ ಎಂದು ಸಂಕಟವಾಯಿತು. ಒದ್ದೆ ಬಟ್ಟೆಯಿಂದ ಹಳದಿ ಹಲ್ಲಿಯ ಹೊಟ್ಟೆ ಮೆಲ್ಲಗೆ ಒರೆಸುತ್ತ, “ನಿನ್ನದೇನು ತಪ್ಪಿಲ್ಲ ಬಿಡು,” ಎಂದ. ದೊಡ್ಡದಕ್ಕೆ ಕೊಡುವ ಔಷಧಿಯ ಪೆಟ್ಟಿಗೆ ಗಾಜಿನ ಪೆಟ್ಟಿಗೆಯ ಜೊತೆಯಲ್ಲೇ ಬಂದಿತ್ತು. ಅದರ ಮೇಲೆ ಕೊಯಮತ್ತೂರಿನ ಡಾಕ್ಟರ ನಂಬರು ಕಂಡಿತು.

ಫೋನೆತ್ತಿದವನು ಅಲ್ಲಿನ ಕಾಂಪೌಂಡರು. ದಿನಕ್ಕೆ ನೂರು ಸಲ ಹೇಳಿದವನ ಹಾಗೆ ತಮಿಳಿನಲ್ಲಿ ಹೇಳಿದ: “ಬಿಳೀ ಕಾಗದ ಸಾರ್. ಅಚ್ಚು ಇಲ್ಲದ ಬರೀ ಕಾಗದ. ದಿನಾ ಬದಲಾಯಿಸಿ. ಅಷ್ಟೇ.”

“ಅಷ್ಟೇನಾ?”

“ಅಷ್ಟೇ. ಅದ್ಸರಿ, ಎಲ್ಲಿಟ್ಟಿದೀರಾ? ಬನಿಯನ್ ಕಂಪನೀಲಾ? ನೂಲಿನ ಧೂಳು ಆಗಲ್ಲ ಸಾರ್. ಬಿಸಿನೂ ಆಗಲ್ಲ. ತಂಪಾಗಿರೋ, ಸದ್ದಿಲ್ಲದಿರೋ ರೂಮಿಗೆ ಹಾಕಿ.”

ಬಿಳೀ ಕಾಗದ! ಕಟಿಂಗ್ ಮೇಜಿನ ಮೇಲೆ ಬಟ್ಟೆಯ ಅಡಿಗೆ ಹಾಸುವ ಕಾಗದದ ಉರುಳೆಗಳು ಸ್ಟೋರಿನಲ್ಲಿ ಸೂರಿನವರೆಗೆ ಪೇರಿಸಿದ್ದವು. ಹತ್ತೊಂಬತ್ತು ವರ್ಷದಿಂದ ಅವನು ಅದಕ್ಕೆ ಬೆನ್ನು ಒರಗಿಸಿಯೇ ಟೀ ಕುಡಿಯುತ್ತಿದ್ದ. ಅಳತೆ ತೆಗೆದು ಒಂದು ಹಾಳೆ ಕತ್ತರಿಸಿ, ತೊಳೆದ ಪೆಟ್ಟಿಗೆಯ ತಳಕ್ಕೆ ಹಾಸಿದ. ಹಲ್ಲಿಗಳು ಒಂದು ಸುತ್ತು ನಡೆದು, ಎಲೆಯ ಮರೆಗೆ ಹೋಗಿ ಮಲಗಿದವು. ನೂಲಿಲ್ಲ, ಇರುವೆಯಿಲ್ಲ, ಎರಡು ಬಾಲವೂ ಜಾಗದಲ್ಲಿದ್ದವು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮನುಷ್ಯನಿಗೆ ವಿನಾಶಕಾಲದಲ್ಲಿ ಬುದ್ಧಿ ಚುರುಕಾಗುತ್ತದೆ ನೋಡಿ, ಜನ್ಮದಲ್ಲೇ ಮೊದಲ ಸಲ ಶಿವಲಿಂಗಂಗೆ ಒಂದು ಉಪಾಯ ಹೊಳೆಯಿತು. ಹಲ್ಲಿ ಇರುವಲ್ಲಿ ಮುದಲಾಳಿಯ ಮನಸ್ಸು. ಹಲ್ಲಿ ಅನ್ನೂರಿಗೆ ಹೋದರೆ? ಹಲ್ಲಿ ನೋಡಿಕೊಂಡವನನ್ನು ಇ‌ಲ್ಲಿ ಯಾರು ಹಿಡಿದಿಟ್ಟುಕೊಳ್ಳುತ್ತಾರೆ? ಲಿಸ್ಟಿನಿಂದ ತನ್ನ ಹೆಸರು ಬ್ರಹ್ಮ ಬಂದರೂ ತೆಗೆಯಲಾರ. ಶೀಟಿಗೆ ಬಿಳೀ ಕಾಗದದ ಚೂರು ಅಂಟಿಸಿ, ಕೆಳಗೆ ಷರಾ ಎಂದಿದ್ದ ಜಾಗದಲ್ಲಿ ಬರೆದ: ‘ಅಡಿಹಾಸು ಸರಿಯಾಗಿದೆ. ಆದರೆ ಇಲ್ಲಿ ಬಿಸಿ, ಧೂಳು. ಅನ್ನೂರಿನ ಹೊಸ ಸ್ಟೋರ್ ರೂಮು ಒಂದೇ ಸುರಕ್ಷಿತ.’ ಓದಿ ನೋಡಿದ. ಇನ್ನೂ ಸ್ವಲ್ಪ ಬಿಗಿ ಬೇಕೆನಿಸಿತು. ‘ಬಟ್ಟೆ, ನೂಲು, ಮೂಟೆ ಯಾವುದೂ ಹತ್ತಿರ ಸುಳಿಯಬಾರದು’ ಎಂದು ಸೇರಿಸಿದ.

ಹಲ್ಲಿಗಳು ಕಂಪನಿಯಿಂದಲೇ ತೊಲಗುತ್ತವೆಂದು ತಿಳಿದದ್ದೇ ತಡ, ಜಗಳವಾಡುತ್ತಿದ್ದ ಮೂವರೂ ಒಂದಾದರು. ಕರುಪ್ಪುಸಾಮಿ ಷರಾ ಪೂರ್ತಿ ಓದದೆ ಸಹಿ ಎಳೆದ. “ನನ್ನ ಕಾಗದ ತಾನೇ!” ಎಂದು ಹೆಮ್ಮೆಯನ್ನೂ ಪಟ್ಟ. ಜಾನಕಿಯಮ್ಮ ಸಹಿ ಹಾಕಿ, “ನಿಂಗೂ ಒಳ್ಳೇದಾಗ್ಲಿ ಶಿವಲಿಂಗಾ,” ಎಂದಳು. ಮುರುಗೇಶನ್ ಗಾಡಿಯ ಬಾನೆಟ್ಟಿನ ಮೇಲಿಟ್ಟು ಸಹಿ ಮಾಡಿದ. ನಾಲ್ಕನೆಯದು ಶಿವಲಿಂಗಂನದೇ. ಅಷ್ಟು ಚೆಂದದ ಸಹಿಯನ್ನು ಅವನು ತನ್ನ ಮದುವೆಯ ರಿಜಿಸ್ಟರಿನಲ್ಲೂ ಹಾಕಿರಲಿಲ್ಲ. ಕೂಡಲೇ ಚಂದ್ರಾಳಿಗೆ ಫೋನು ಮಾಡಿದ.

“ಸೋಮವಾರದಿಂದ ಆರು ಗಂಟೆಗೆ ಮನೇಲಿರ್ತೀನಿ.”

“ನಿಜವಾಗ್ಲೂ?” ಎಂದಳು ಅವಳು. ಹಿಂದಿನಿಂದ ಇಂದುಜಾ, “ಎದ್ದಿರ್ತಾರಾ?” ಎಂದು ಕೇಳಿದ್ದು ಅವನಿಗೂ ಕೇಳಿಸಿತು.

“ಎದ್ದಿರ್ತೀನಿ ಅಂತ ಹೇಳು,” ಎಂದ. ಕಣ್ಣು ಮಂಜಾಯಿತು.

ನಾಲ್ಕಕ್ಕೆ ಸರಿಯಾಗಿ ಸರಣ್ಯಾ ಬಂದಳು. ಪೆಟ್ಟಿಗೆಯ ಮುಂದೆ ಮಂಡಿಯೂರಿ ನೋಡಿದಳು. ಬೆರಳುಗಳನ್ನು ಎಣಿಸಿದಳು, ಬಾಲ ನೋಡಿದಳು. ಒಂದರ ಹೊಟ್ಟೆ ಸ್ವಲ್ಪ ಹೊಳೆಯುತ್ತಿದೆಯಲ್ಲ ಎಂದಳು. ಔಷಧಿಯ ಗುಣವಿರಬೇಕು ಎಂದು ಜಾನಕಿಯಮ್ಮ ಬಾಗಿಲಿಂದಲೇ ಹೇಳಿದಳು. ಆಮೇಲೆ ಹುಡುಗಿ ಶೀಟು ತೆಗೆದು ಮೇಲಿನಿಂದ ಕೆಳಗಿನವರೆಗೆ ಅಪ್ಪನಿಗೆ ಓದಿ ಹೇಳಿದಳು.

“ಅಂಕಲ್, ಇವಕ್ಕೆ ಅಂತ ಇಷ್ಟು ಯೋಚನೆ ಮಾಡಿದ್ರಾ?” ಅವಳ ಕಣ್ಣಲ್ಲಿ ನೀರು ತುಂಬಿತು. ಈ ಸಲದ್ದು ಸಂತೋಷದ್ದು.

ದೇವರಾಜನ್ ಕುರ್ಚಿಯಿಂದ ಎದ್ದೇ ನಿಂತ. “ನಾನು ದಿನಾ ಬಡ್ಕೊಳ್ತೀನಲ್ಲ, ಶೀಟ್ ಹಾಕಿದ್ರೆ ತಪ್ಪೇ ಆಗಲ್ಲ ಅಂತ!” ಎಂದು ಸಹಿ ಹಾಕಿ, ಮೇಲೆ ಸೀಲು ಒತ್ತಿದ. “ಮುರುಗೇಶಾ, ಗಾಡಿ ತೆಗಿ. ಇವತ್ತೇ ಪಲ್ಲಿ ಅನ್ನೂರಿಗೆ.”

ಶಿವಲಿಂಗಂ ಒಂದು ಹೆಜ್ಜೆ ಮುಂದೆ ಬಂದ. “ನಾನೂ ಅದೇ ಗಾಡೀಲಿ ಹೋಗ್ಲಾ ಮುದಲಾಳಿ? ಅಲ್ಲಿ ಸ್ಟೋರು ನೋಡ್ಕೊಂಡು...”

“ಯಾವ ಸ್ಟೋರು?”

“ಅನ್ನೂರು ಸ್ಟೋರು.”

“ಅನ್ನೂರಲ್ಲಿರೋದು ಒಂದೇ ಸ್ಟೋರ್ ರೂಮು ತಾನೇ. ಅದನ್ನ ಈಗ ಪಲ್ಲಿಗೆ ಕೊಟ್ಟಾಯ್ತು. ಬಟ್ಟೆ, ನೂಲು, ಮೂಟೆ ಹತ್ತಿರ ಸುಳಿಯಬಾರದು ಅಂತ ನೀನೇ ಬರೆದಿದೀಯಾ. ನಾಲ್ಕು ಸೈನ್ ಬಿದ್ದಿದ್ದನ್ನ ನಾನೇ ಮೀರಿದ್ರೆ ನಾಳೆ ಈ ಶೀಟಿಗೆ ಏನ್ ಬೆಲೆ? ಸ್ಟೋರು ಇಲ್ಲೇ ಇರ್ಲಿ. ಸ್ಟೋರಿದ್ದಲ್ಲಿ ನೀನು.” ಡ್ರಾಯರಿನಿಂದ ಅನ್ನೂರು ಲಿಸ್ಟು ತೆಗೆದು, ಅಡಿಗೋಲು ಇಟ್ಟು, ಮೊದಲ ಹೆಸರಿನ ಮೇಲೆ ನೇರವಾಗಿ ಒಂದು ಗೆರೆ ಎಳೆದ.

ಶಿವಲಿಂಗಂ ಶೀಟಿನ ಷರಾವನ್ನು ಇನ್ನೊಮ್ಮೆ ಓದಿದ. ಬರೆದವನೂ ತಾನೇ, ಸಹಿ ಹಾಕಿದವನೂ ತಾನೇ. ಯಾರನ್ನು ಬೈಯುವುದು?

“ಅಪ್ಪಾ, ಅಲ್ಲಿ ದಿನಾ ಕಾಗದ ಬದಲಾಯಿಸೋರು ಯಾರು?” ಎಂದು ಸರಣ್ಯಾ ಕೇಳಿದಳು.

ದೇವರಾಜನ್ ಯೋಚಿಸಿದ. ಮುಖ ಅರಳಿತು. “ಶಿವಲಿಂಗಂ ಮನೆ ಅಲ್ಲೇ ಅಲ್ವಾ! ಚಂದ್ರಾ ಸಾಯಂಕಾಲ ಐದಕ್ಕೆ ಬಂದು ಏಳರವರೆಗೆ ನೋಡ್ಕೊಳ್ಲಿ. ಮಗೂನೂ ಕರ್ಕೊಂಡು ಬರ್ಲಿ, ಅದಕ್ಕೂ ಆಟ ಆಗ್ತದೆ. ಕಾಗದ ಶಿವಲಿಂಗಂ ಇಲ್ಲಿ ಅಳತೆಗೆ ಕತ್ತರಿಸಿ ಗಾಡೀಲಿ ಕಳಿಸ್ತಾನೆ. ಸಂತೋಷ ತಾನೇ ಶಿವಲಿಂಗಂ? ನಿಮ್ಮ ಮನೆಗೂ ಒಂದು ಸಂಬಳ!” ಎಂದು ತಾನೇ ಚಂದ್ರಾಳಿಗೆ ಫೋನು ಮಾಡಿ ಹೇಳಿಬಿಟ್ಟ.

ನಾಲ್ಕೂವರೆಗೆ ಗಾಡಿ ಹೊರಟಿತು. ಮುಂದಿನ ಸೀಟಿನಲ್ಲಿ ಗಾಜಿನ ಪೆಟ್ಟಿಗೆ ಇಟ್ಟು, ಅಲುಗಾಡದಂತೆ ಬೆಲ್ಟು ಹಾಕಿದವನು ಶಿವಲಿಂಗಂನೇ. ಬಿಸಿಲು ಇನ್ನೂ ಚೆನ್ನಾಗಿತ್ತು. ಆ ಹೊತ್ತಿನ ಅನ್ನೂರು ರಸ್ತೆಯನ್ನು ಅವನು ನೋಡಿ ಎಷ್ಟೋ ವರ್ಷವಾಗಿತ್ತು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಗೇಟಿನಲ್ಲಿ ನಿಂತಿದ್ದು, ಆಮೇಲೆ ಒಳಗೆ ಹೋಗಿ ಬಂದ ಗುಂಡಿಗಳನ್ನು ಎಣಿಸಲು ಕೂತ.

ಆರೂವರೆಗೆ ಫೋನು ಬಂತು. “ಇವಳು ಮಾತಾಡ್ಬೇಕಂತೆ,” ಎಂದು ಚಂದ್ರಾ ಮಗಳ ಕೈಗೆ ಕೊಟ್ಟಳು. ಇಂದುಜಾ ಏದುಸಿರು ಬಿಡುತ್ತಿದ್ದಳು.

“ಅಪ್ಪಾ, ಎರಡೂ ಎದ್ದವೆ! ನನ್ನ ಕೈ ಮೇಲೆ ಕೂತ್ಕೊಂಡವೆ!”

“ಹೌದಾ ಕಂದಾ?”

“ಹೂಂ. ಆದ್ರೆ ಕಾಗದ ಒಂದು ಮೂಲೇಲಿ ಸಾಲಲ್ಲ. ನಾಳೆ ಒಂದು ಬೆರಳು ಜಾಸ್ತಿ ಬಿಟ್ಟು ಕತ್ತರಿಸಿ ಕಳ್ಸಿ. ಮರೀಬೇಡಿ. ಚೆನ್ನಾಗಿ ನೋಡಿ ಕತ್ತರಿಸಿ, ಆಯ್ತಾ?”

“ಆಯ್ತು,” ಎಂದ ಶಿವಲಿಂಗಂ. ಫೋನಿಟ್ಟು ಉರುಳೆಯನ್ನು ನೆಲಕ್ಕೆ ಹಾಸಿ, ಒಂದು ಬೆರಳು ಹೆಚ್ಚಿಗೆ ಅಳೆದು, ನಾಳೆಯ ಕಾಗದ ಕತ್ತರಿಸತೊಡಗಿದ.